ಓದಿನ ಹರ್ಷವನ್ನು ಹಂಚಿದವರು: ಅತ್ತಿಮಬ್ಬೆಯಿಂದ ಧವಲಾ ಪ್ರತಿಗಳವರೆಗೆ

ಒಳ್ಳೆಯ ಕಾವ್ಯವೊಂದನ್ನು ಓದಿ ಮುಗಿಸಿದವರಿಗೆ, ಅಪೂರ್ವವಾದ ಚಿತ್ರವೊಂದನ್ನು ಕಂಡವರಿಗೆ, ಅದನ್ನು ಮತ್ತೊಬ್ಬರಿಗೆ ತೋರಿಸಬೇಕೆಂಬ ಆತುರ ಸಹಜವಾಗಿಯೇ ಹುಟ್ಟುತ್ತದೆ. ಇಂದು ಈ ಕೆಲಸಕ್ಕೆ ಕ್ಷಣಕಾಲ ಸಾಕು. ಕೈಯಲ್ಲಿರುವ ಫೋನಿನಿಂದ ಒಂದು ಶಾಸನದ ಚಿತ್ರವನ್ನೋ, ಒಂದು ಗಮಕವಾಚನವನ್ನೋ ನೂರಾರು ಮಂದಿಗೆ ಕಳುಹಿಸಿಬಿಡುತ್ತೇವೆ. ಒಂದು ಕಾಲದಲ್ಲಿ ಇದಕ್ಕೆ ಹದಗೊಳಿಸಿದ ತಾಳೆಗರಿಗಳು, ನುರಿತ ಲಿಪಿಕಾರರು, ಅವರನ್ನು ತಿಂಗಳುಗಟ್ಟಲೆ ಸಾಕುವ ದಾನಿಗಳು ಬೇಕಾಗಿದ್ದರು. ಜೈನ ಪರಂಪರೆ ಆಹಾರ, ಅಭಯ, ಔಷಧ ದಾನಗಳ ಸಾಲಿನಲ್ಲಿ ಶಾಸ್ತ್ರದಾನವನ್ನೂ ಇರಿಸಿತು. ಹಸಿದವರಿಗೆ ಅನ್ನವನ್ನು ನೀಡುವುದು ಹೇಗೆ ಶ್ರಾವಕಧರ್ಮವೋ ಹಾಗೆಯೇ ಗ್ರಂಥವನ್ನು ಬರೆಯಿಸಿ ಕೊಡುವುದೂ ಶ್ರಾವಕಧರ್ಮವೆಂದು ಅದು ಭಾವಿಸಿತು.

ಆದರೆ ಹಂಚುವುದು ಎಷ್ಟು ಸರಳ ಎಂದು ತೋರುತ್ತದೆಯೋ ಅಷ್ಟು ಸರಳವಲ್ಲ. ಯಾರು ಯಾರಿಗೆ ಹಂಚಬಹುದು? ಒಡೆಯರ ಒಪ್ಪಿಗೆಯಿಲ್ಲದೆ ಮಾಡಿಕೊಂಡ ಪ್ರತಿ ಜ್ಞಾನಸೇವೆಯೋ, ಕಳವೋ? ಪ್ರತಿಯಿಂದ ಪ್ರತಿಗೆ ಸಾಗುವಾಗ ಮೂಲದ ಅಕ್ಷರಗಳಿಗೆ ಏನಾಗುತ್ತದೆ? ಈ ಪ್ರಶ್ನೆಗಳು ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಮೂಡುಬಿದಿರೆಯ ಬಸದಿಯೊಂದರ ಸುತ್ತ ಒಟ್ಟಿಗೇ ಎದ್ದುನಿಂತವು. ಅತ್ತಿಮಬ್ಬೆಯಿಂದ ಆರಂಭಿಸಿ ಆ ಪ್ರಸಂಗದವರೆಗಿನ ದಾರಿಯನ್ನು ಪರಿಶೀಲಿಸುವುದು ಈ ಬರಹದ ಉದ್ದೇಶ.

ಸಾವಿರ ಪ್ರತಿಗಳು

ಪೊನ್ನನ ಶಾಂತಿಪುರಾಣ ಹುಟ್ಟಿದ್ದು ಮಲ್ಲಪ ಮತ್ತು ಪುನ್ನಮಯ್ಯ ಎಂಬ ಸೋದರರ ಆಶ್ರಯದಲ್ಲಿ. ತಮ್ಮ ಗುರು ಜಿನಚಂದ್ರದೇವರ ನೆನಪಿಗಾಗಿ ಅವರು ಈ ಕಾವ್ಯವನ್ನು ಬರೆಯಿಸಿದರು. ಮಲ್ಲಪನ ಮಗಳು ಅತ್ತಿಮಬ್ಬೆ. ಪತಿ ನಾಗದೇವನನ್ನು ಕಳೆದುಕೊಂಡ ಬಳಿಕ ವ್ರತ, ದಾನ, ಬಸದಿಗಳ ನಿರ್ಮಾಣಗಳಲ್ಲಿ ತನ್ನ ಬಾಳನ್ನು ತೊಡಗಿಸಿಕೊಂಡ ಈ ಮಹಿಳೆ, ತಂದೆ ಮತ್ತು ಚಿಕ್ಕಪ್ಪನ ಕಾಲದ ಆ ಕಾವ್ಯದ ಸಾವಿರ ಪ್ರತಿಗಳನ್ನು ಮಾಡಿಸಿ ಹಂಚಿದಳೆಂದು ಪರಂಪರೆ ನೆನೆಯುತ್ತದೆ. ರನ್ನನು 993ರಲ್ಲಿ ಮುಗಿಸಿದ ಅಜಿತಪುರಾಣಕ್ಕೂ ಅವಳೇ ಆಶ್ರಯದಾತೆ. ಲಕ್ಕುಂಡಿಯ ಬ್ರಹ್ಮಜಿನಾಲಯದ 1007ರ ಶಾಸನ ಅವಳ ಧರ್ಮಕಾರ್ಯಗಳಿಗೆ ಸಾಕ್ಷಿಯಾಗಿದೆ.

ಸಾವಿರ ಎಂಬ ಸಂಖ್ಯೆಯನ್ನು ಅಕ್ಷರಶಃ ತೆಗೆದುಕೊಳ್ಳಬೇಕೇ ಎಂದು ಕೆಲವರು ಕೇಳುವುದುಂಟು. ಅದನ್ನು ಹೊಗಳಿಕೆಯ ಸಂಖ್ಯೆಯೆಂದೇ ಇಟ್ಟುಕೊಂಡರೂ ಅದರ ಹಿಂದಿರುವ ಕಲ್ಪನೆ ಅಸಾಧಾರಣವಾದದ್ದು. ಅಚ್ಚುಯಂತ್ರ ಬರುವುದಕ್ಕೆ ಶತಮಾನಗಳ ಮೊದಲೇ ಒಂದು ಕಾವ್ಯ ಒಂದೇ ಕಾಲದಲ್ಲಿ ಅನೇಕ ಊರುಗಳಲ್ಲಿ, ಅನೇಕ ಬಸದಿಗಳಲ್ಲಿ ಇರಬೇಕೆಂದು ಒಬ್ಬಳು ಬಯಸಿದಳು. ಅದನ್ನು ರಾಜಾಸ್ಥಾನದ ಭಂಡಾರದಲ್ಲಿ ಸೇರಿಸಿಟ್ಟರೆ ಸಾಲದೆಂದು ಅವಳಿಗೆ ತಿಳಿದಿತ್ತು.

ಈ ತಿಳಿವಳಿಕೆಯ ಬೆಲೆಯನ್ನು ನಮ್ಮ ಸಾಹಿತ್ಯಚರಿತ್ರೆಯ ಖಾಲಿ ಪುಟಗಳು ಹೇಳುತ್ತವೆ. ಕವಿರಾಜಮಾರ್ಗ ಹೆಸರಿಸುವ ವಿಮಳ, ಉದಯ, ನಾಗಾರ್ಜುನ, ಜಯಬಂಧು, ದುರ್ವಿನೀತರ ಕೃತಿಗಳು ನಮಗೆ ದೊರೆತಿಲ್ಲ. ಒಂದನೆಯ ಗುಣವರ್ಮನ ಶೂದ್ರಕ, ಹರಿವಂಶಗಳೂ ಇಲ್ಲ. ರನ್ನನ ಪರಶುರಾಮಚರಿತವೂ ಚಕ್ರೇಶ್ವರಚರಿತವೂ ಇಲ್ಲ. ಸ್ವತಃ ಪೊನ್ನನದೇ ಆದ ಭುವನೈಕರಾಮಾಭ್ಯುದಯ ಹೆಸರಾಗಿ ಮಾತ್ರ ಉಳಿದಿದೆ. ಒಬ್ಬನೇ ಕವಿಯ ಎರಡು ಕೃತಿಗಳಲ್ಲಿ ಒಂದು ನಮ್ಮ ಕೈಸೇರಿತು, ಇನ್ನೊಂದು ಸೇರಲಿಲ್ಲ. ಕೃತಿಗಳ ಉಳಿವು ಅಳಿವಿಗೆ ಕಾರಣಗಳು ಹಲವಿರುತ್ತವೆ. ಒಂದೇ ಕಾರಣವನ್ನು ಹಿಡಿದು ತೀರ್ಪು ನೀಡಲಾಗದು. ಆದರೂ ಹಂಚಿದ ಕಾವ್ಯ ಉಳಿದಿದೆ ಎಂಬುದನ್ನು ಗಮನಿಸದೆ ಮುಂದೆ ಹೋಗುವಂತಿಲ್ಲ.

ಒಂದು ಅಕ್ಷರ ಹೆಚ್ಚು, ಒಂದು ಅಕ್ಷರ ಕಡಿಮೆ

ಹಂಚದಿದ್ದರೆ ಅಳಿಯುತ್ತದೆ ಎಂಬ ಅಂಜಿಕೆ ಜೈನ ಆಗಮಗಳ ಇತಿಹಾಸದ ಮೊದಲಲ್ಲಿಯೇ ಇದೆ. ದಿಗಂಬರ ಪರಂಪರೆಯ ಷಟ್ಖಂಡಾಗಮ ಹುಟ್ಟಿದ ಕಥೆಯನ್ನು ವೀರಸೇನಾಚಾರ್ಯರ ಧವಲಾ ಟೀಕೆಯೂ ಇಂದ್ರನಂದಿಯ ಶ್ರುತಾವತಾರವೂ ನಿರೂಪಿಸುತ್ತವೆ. ಸೌರಾಷ್ಟ್ರದ ಗಿರಿನಗರದ ಚಂದ್ರಗುಹೆಯಲ್ಲಿದ್ದ ವೃದ್ಧ ಧರಸೇನಾಚಾರ್ಯರಿಗೆ, ತಮ್ಮೊಡನೆ ತಮ್ಮ ಶ್ರುತಜ್ಞಾನವೂ ಮುಗಿದುಹೋದೀತೆಂಬ ಚಿಂತೆ ಕಾಡಿತು. ದಕ್ಷಿಣಾಪಥದ ಆಚಾರ್ಯರಿಗೆ ಅವರು ಪತ್ರ ಬರೆದು ಕಳುಹಿಸಿದರು. ಅಲ್ಲಿಂದ ಇಬ್ಬರು ಮುನಿಗಳು ಬಂದರು. ಮುಂದೆ ಪುಷ್ಪದಂತ, ಭೂತಬಲಿ ಎಂದು ಹೆಸರಾದವರು ಇವರೇ.

ಬಂದವರಿಗೆ ಗುರುಗಳು ಕೂಡಲೇ ಪಾಠ ಹೇಳಲಿಲ್ಲ. ಒಬ್ಬರಿಗೆ ಒಂದು ಅಕ್ಷರ ಹೆಚ್ಚಾಗಿದ್ದ ಮಂತ್ರವನ್ನೂ ಇನ್ನೊಬ್ಬರಿಗೆ ಒಂದು ಅಕ್ಷರ ಕಡಿಮೆಯಾಗಿದ್ದ ಮಂತ್ರವನ್ನೂ ಕೊಟ್ಟು ಸಾಧಿಸಿಕೊಂಡು ಬರಲು ಹೇಳಿದರು. ಸಾಧನೆ ಮುಗಿದಾಗ ಪ್ರತ್ಯಕ್ಷರಾದ ದೇವತೆಗಳಲ್ಲಿ ಒಬ್ಬಳಿಗೆ ಹಲ್ಲು ಉಬ್ಬಿದ್ದವು, ಮತ್ತೊಬ್ಬಳಿಗೆ ಒಂದೇ ಕಣ್ಣು. ದೇವತೆಗಳು ಹೀಗೆ ವಿಕಾರವಾಗಿರುವುದು ಸಲ್ಲದೆಂದು ಯೋಚಿಸಿದ ಮುನಿಗಳು ಮಂತ್ರವ್ಯಾಕರಣದ ನೆರವಿನಿಂದ ಹೆಚ್ಚಿದ್ದನ್ನು ತೆಗೆದು, ಕಡಿಮೆಯಾದುದನ್ನು ಸೇರಿಸಿ ಮತ್ತೆ ಜಪಿಸಿದರು. ಆಗ ದೇವತೆಗಳು ತಮ್ಮ ಸಹಜರೂಪದಲ್ಲಿ ಕಾಣಿಸಿಕೊಂಡರು. ಇದನ್ನು ಅರಿತ ಮೇಲೆಯೇ ಧರಸೇನರು ಉಪದೇಶವನ್ನು ಆರಂಭಿಸಿದರು.

ಗ್ರಂಥಸಂಪಾದನೆಯ ತರಗತಿಯಲ್ಲಿ ನಾನು ಈ ಕಥೆಯನ್ನು ಮೊದಲ ಪಾಠವಾಗಿ ಹೇಳುತ್ತೇನೆ. ಜ್ಞಾನವನ್ನು ದಾಟಿಸುವ ಆತುರ ಎಷ್ಟೇ ಇದ್ದರೂ, ಕೈಗೆ ಬಂದ ಪಾಠದಲ್ಲಿ ದೋಷವಿದ್ದರೆ ಗುರುತಿಸಬಲ್ಲವರಿಗೇ ಅದನ್ನು ಒಪ್ಪಿಸಬೇಕೆಂಬ ವಿವೇಕ ಇದರಲ್ಲಿದೆ.

ಕಥೆಯ ಮುಂದಿನ ಭಾಗ ಕನ್ನಡನಾಡಿಗೆ ಸಂಬಂಧಿಸಿದ್ದು. ಅಂಕಲೇಶ್ವರದಲ್ಲಿ ಮಳೆಗಾಲವನ್ನು ಕಳೆದ ಮೇಲೆ ಪುಷ್ಪದಂತರು ವನವಾಸ ದೇಶಕ್ಕೆ, ಎಂದರೆ ನಮ್ಮ ಬನವಾಸಿಯ ಸೀಮೆಗೆ ಬಂದರು. ಭೂತಬಲಿಗಳು ದ್ರಮಿಳ ದೇಶಕ್ಕೆ ಹೋದರು. ಪುಷ್ಪದಂತರು ಸತ್ಪ್ರರೂಪಣೆಯ 177 ಸೂತ್ರಗಳನ್ನು ರಚಿಸಿ, ಜಿನಪಾಲಿತನಿಗೆ ಅವನ್ನು ಕಲಿಸಿ, ಅವನನ್ನೇ ಭೂತಬಲಿಗಳಲ್ಲಿಗೆ ಕಳುಹಿಸಿದರು. ಸೂತ್ರಗಳನ್ನು ಕಂಡ ಭೂತಬಲಿಗಳು, ಗೆಳೆಯನ ಆಯುಷ್ಯ ಅಲ್ಪವೆಂದು ತಿಳಿದು ಉಳಿದ ಭಾಗವನ್ನು ತಾವು ರಚಿಸಿ ಗ್ರಂಥವನ್ನು ಪೂರ್ಣಗೊಳಿಸಿದರು. ಆಗಮ ಪುಸ್ತಕರೂಪಕ್ಕೆ ಬಂದ ದಿನವೆಂದು ಜ್ಯೇಷ್ಠ ಶುಕ್ಲ ಪಂಚಮಿಯನ್ನು ಶ್ರುತಪಂಚಮಿಯಾಗಿ ಇಂದಿಗೂ ಆಚರಿಸಲಾಗುತ್ತದೆ. ಅರ್ಧ ಬರೆದುದನ್ನು ದೂರದ ನಾಡಿನಲ್ಲಿದ್ದ ಸಹಾಧ್ಯಾಯಿಗೆ ಕಳುಹಿಸಿಕೊಡದೆ ಇದ್ದಿದ್ದರೆ ಆ ಪಂಚಮಿ ಬರುತ್ತಿರಲಿಲ್ಲ.

ಬರೆಯಿಸಿದ ಮಹಿಳೆಯರು

ಷಟ್ಖಂಡಾಗಮದ ಮೇಲೆ ವೀರಸೇನರು ಪ್ರಾಕೃತ ಸಂಸ್ಕೃತಗಳನ್ನು ಬೆರೆಸಿ ಬರೆದ ಧವಲಾ ಟೀಕೆಯ ಪ್ರಮಾಣ 72,000 ಶ್ಲೋಕಗಳೆಂದು ಎಣಿಕೆಯಿದೆ. ಅದು ಶಕ 738ರಲ್ಲಿ, ಎಂದರೆ 816ರಲ್ಲಿ ಮುಗಿಯಿತೆಂಬುದು ಹೀರಾಲಾಲ್ ಜೈನರ ನಿರ್ಣಯ. ಕಸಾಯಪಾಹುಡದ ಮೇಲಿನ ಜಯಧವಲಾ 60,000 ಶ್ಲೋಕಗಳಷ್ಟಿದೆ. ಅದರಲ್ಲಿ 20,000ದಷ್ಟನ್ನು ಬರೆದು ವೀರಸೇನರು ತೀರಿಕೊಂಡಾಗ ಶಿಷ್ಯ ಜಿನಸೇನರು ಉಳಿದುದನ್ನು ಬರೆದು ಶಕ 759ರಲ್ಲಿ (837) ಮುಗಿಸಿದರು. ಅಮೋಘವರ್ಷ ನೃಪತುಂಗನ ಆಳ್ವಿಕೆಯ ಕಾಲವದು. ಭೂತಬಲಿಗಳ ಮಹಾಬಂಧವನ್ನು ಮಹಾಧವಲಾ ಎಂದು ಕರೆಯುವುದು ರೂಢಿ.

ಕರ್ಮಸಿದ್ಧಾಂತದ ಈ ಕ್ಲಿಷ್ಟ ಗ್ರಂಥಗಳನ್ನು ಬರೆಯಿಸಿದವರಾರು ಎಂದು ನೋಡಿದರೆ ಮತ್ತೆ ಮಹಿಳೆಯರ ಹೆಸರುಗಳೇ ಎದುರಾಗುತ್ತವೆ. ಮೂಡುಬಿದಿರೆಯ ಧವಲಾ ಪ್ರತಿಯ ಅಂತ್ಯದ ಕನ್ನಡ ಪ್ರಶಸ್ತಿಯ ಪ್ರಕಾರ, ಮಂಡಲಿನಾಡಿನ ಭುಜಬಲಗಂಗ ಪೆರ್ಮಾಡಿದೇವನ ಅತ್ತೆ ದೇಮಿಯಕ್ಕ ಅದನ್ನು ಬರೆಯಿಸಿ, ಬನ್ನಿಕೆರೆಯ ಚೈತ್ಯಾಲಯದ ಶುಭಚಂದ್ರ ಸಿದ್ಧಾಂತದೇವರಿಗೆ ಕೊಟ್ಟಳು. ಶುಭಚಂದ್ರರು 1123ರಲ್ಲಿ ದೇಹತ್ಯಾಗ ಮಾಡಿದುದನ್ನು ಶ್ರವಣಬೆಳಗೊಳದ ಶಾಸನ ದಾಖಲಿಸುವುದರಿಂದ ಆ ಪ್ರತಿ ಅದಕ್ಕಿಂತ ಹಿಂದಿನದು. ಮಹಾಬಂಧದ ಪ್ರತಿಯನ್ನು ಮಲ್ಲಿಕಬ್ಬೆ ಎಂಬ ಶ್ರಾವಕಿ ಶ್ರೀಪಂಚಮಿ ನೋಂಪಿಯ ಉದ್ಯಾಪನೆಯ ಸಂದರ್ಭದಲ್ಲಿ ಬರೆಯಿಸಿ ಮಾಘನಂದಿ ಮುನಿಗಳಿಗೆ ಅರ್ಪಿಸಿದಳು. ನೋಂಪಿಯ ಕೊನೆಯಲ್ಲಿ ಒಂದು ಗ್ರಂಥವನ್ನು ಬರೆಯಿಸಿ ಕೊಡುವ ಈ ರೂಢಿಯಿಲ್ಲದಿದ್ದರೆ, ಇಂತಹ ಎಷ್ಟು ಕೃತಿಗಳು ನಮ್ಮವರೆಗೆ ಬರುತ್ತಿದ್ದವೋ ಹೇಳಲಾಗದು.

ಈ ಓಲೆಗಳಲ್ಲಿ ಬರಹದ ಜೊತೆಗೆ ಚಿತ್ರಗಳೂ ಇವೆ. ಜಿನಮೂರ್ತಿಗಳು, ಶ್ರುತದೇವಿ, ಮಾವಿನ ಮರದಡಿಯ ಅಂಬಿಕೆ, ಕೈಮುಗಿದ ಭಕ್ತರು ಗರಿಯ ಕಿರಿದಾದ ಅಗಲದೊಳಗೆ ಬಣ್ಣಗಳಲ್ಲಿ ಮೂಡಿದ್ದಾರೆ. ಹೊಯ್ಸಳರ ಕಾಲದ ಶಿಲ್ಪವನ್ನು ನಾವು ಬೇಲೂರು ಹಳೇಬೀಡುಗಳಲ್ಲಿ ಬೇಕಾದಷ್ಟು ಕಾಣಬಹುದು. ಆ ಕಾಲದ ಚಿತ್ರಕಲೆ ಹೇಗಿತ್ತೆಂದು ಕೇಳಿದರೆ ತೋರಿಸಲು ಉಳಿದಿರುವುದು ಅತ್ಯಲ್ಪ. ಆ ಅಲ್ಪದಲ್ಲಿ ಈ ಗರಿಗಳಿಗೆ ಮೊದಲ ಸ್ಥಾನ. ಕಲೆಯ ಇತಿಹಾಸಕಾರರಾದ ಸಿ. ಶಿವರಾಮಮೂರ್ತಿ, ಸರಯೂ ದೋಶಿ ಮೊದಲಾದವರು ಇವುಗಳ ಬಗ್ಗೆ ಬರೆದ ನಂತರವೇ ಹೊರಗಿನ ಲೋಕಕ್ಕೆ ಇವುಗಳ ಮಹತ್ವ ತಿಳಿಯಿತು.

ಮುಚ್ಚಿದ ಪೆಟ್ಟಿಗೆ, ತೆರೆದ ಕಿವಿ

ಕಾಲಾಂತರದಲ್ಲಿ ಈ ಪ್ರತಿಗಳು ಮೂಡುಬಿದಿರೆಯ ಗುರುಬಸದಿಯನ್ನು ಸೇರಿದವು. ಸಿದ್ಧಾಂತಗ್ರಂಥಗಳಿರುವ ಕಾರಣದಿಂದಲೇ ಅದಕ್ಕೆ ಸಿದ್ಧಾಂತಬಸದಿ ಎಂಬ ಹೆಸರು ಬಂದಿತು. ಬೇರೆಲ್ಲಿಯೂ ಇವುಗಳ ಪ್ರತಿ ಉಳಿದಿರಲಿಲ್ಲ. ದೂರದೂರದ ಯಾತ್ರಿಕರು ಬಂದು ಸಿದ್ಧಾಂತದರ್ಶನ ಮಾಡಿ ಕೈಮುಗಿದು ಹೋಗುತ್ತಿದ್ದರು. ಓದುವವರು ಇರಲಿಲ್ಲ. ಹಳೆಯ ಕನ್ನಡ ಲಿಪಿಯಲ್ಲಿರುವ ಪ್ರಾಕೃತವನ್ನು ಓದಿ ಅರ್ಥಮಾಡಿಕೊಳ್ಳಬಲ್ಲವರೇ ವಿರಳವಾಗಿದ್ದರು.

ಮೂಡುಬಿದಿರೆಯವರನ್ನು ಇದಕ್ಕಾಗಿ ಜರೆಯುವ ರೂಢಿ ನಮ್ಮ ಕೆಲವು ಬರಹಗಳಲ್ಲಿದೆ. ಅದು ನ್ಯಾಯವಲ್ಲ. ಸುಮಾರು ಎಂಟು ಶತಮಾನಗಳ ಹಳೆಯ ತಾಳೆಗರಿಗಳು, ಕರಾವಳಿಯ ಮಳೆ ಮತ್ತು ತೇವಗಳ ನಡುವೆ, ಅರಸೊತ್ತಿಗೆಗಳ ಏಳುಬೀಳುಗಳ ನಡುವೆ ಉಳಿದುದು ಆ ಕಾವಲಿನಿಂದ. ದೇವರಂತೆ ಪೂಜಿಸಿದ್ದರಿಂದಲೇ ಅವು ಉಳಿದವು ಎಂಬುದನ್ನು ಒಪ್ಪಬೇಕು. ಹೊರಗಿನವರ ಕೈಗೆ ಕೊಟ್ಟ ಓಲೆಗಳು ಮರಳಿ ಬಾರದ ಅನುಭವ ನಮ್ಮ ನಾಡಿನ ಎಷ್ಟೋ ಮನೆತನಗಳಿಗೆ ಇದೆ.

1883ರಲ್ಲಿ ಮುಂಬಯಿಯ ಸೇಠ್ ಮಾಣಿಕಚಂದರು ಯಾತ್ರೆಗೆ ಬಂದು ಈ ಓಲೆಗಳ ದರ್ಶನ ಪಡೆದರು. ಅವು ಶಿಥಿಲವಾಗುತ್ತಿರುವುದನ್ನು ಕಂಡು ಸೊಲ್ಲಾಪುರದ ಹೀರಾಚಂದ ನೇಮಚಂದರಿಗೆ ತಿಳಿಸಿದರು. ಮರುವರ್ಷ ಹೀರಾಚಂದರು ತಾವೇ ಹೊರಟರು. ಅವರ ಜೊತೆಗೆ ಶ್ರವಣಬೆಳಗೊಳದ ಬ್ರಹ್ಮಸೂರಿ ಶಾಸ್ತ್ರಿಗಳಿದ್ದರು. ಶಾಸ್ತ್ರಿಗಳು ಓಲೆಯನ್ನು ಕೈಗೆತ್ತಿಕೊಂಡು ಧವಲಾದ ಮಂಗಲಾಚರಣೆಯನ್ನು ಓದಿ ಕೇಳಿಸಿದಾಗ ನೆರೆದವರಿಗೆ ಆದ ಆನಂದವನ್ನು ಹೀರಾಲಾಲ್ ಜೈನರು ತಮ್ಮ ಪ್ರಸ್ತಾವನೆಯಲ್ಲಿ ನೆನೆದಿದ್ದಾರೆ.

ಈ ಇಡೀ ಇತಿಹಾಸದಲ್ಲಿ ನನ್ನ ಮನಸ್ಸನ್ನು ಬಹುವಾಗಿ ಹಿಡಿದಿರುವ ಗಳಿಗೆ ಇದು. ಕಣ್ಣಿಗೆ ದರ್ಶನವಾಗಿದ್ದುದು ಕಿವಿಗೆ ಮಾತಾಯಿತು. ಪೂಜೆಗೊಳ್ಳುತ್ತಿದ್ದ ವಸ್ತು ಮತ್ತೆ ಗ್ರಂಥವಾಯಿತು. ಕೇಳಿದವರಲ್ಲಿ ಹೆಚ್ಚಿನವರಿಗೆ ಆ ಪ್ರಾಕೃತದ ಅರ್ಥ ಪೂರ್ತಿಯಾಗಿ ಆಗಿರಲಾರದು. ಆದರೂ ಆ ಹರ್ಷ ಮುಂದಿನ ಎಲ್ಲ ಶ್ರಮಕ್ಕೂ ಕಾರಣವಾಯಿತು.

ಆದರೆ ಹರ್ಷದಿಂದ ಅನುಮತಿಗೆ ದಾರಿ ದೀರ್ಘವಾಗಿತ್ತು. ನಕಲಿನ ಕೆಲಸ ಆರಂಭವಾದುದು 1896ರಲ್ಲಿ. ಬ್ರಹ್ಮಸೂರಿ ಶಾಸ್ತ್ರಿಗಳ ಜೊತೆಗೆ ಮಿರಜಿನ ಗಜಪತಿ ಶಾಸ್ತ್ರಿಗಳು ನಾಗರಿ ಲಿಪಿಯಲ್ಲಿ ಪ್ರತಿ ಮಾಡತೊಡಗಿದರು. ನಡುವೆಯೇ ಬ್ರಹ್ಮಸೂರಿಗಳು ತೀರಿಕೊಂಡರು. ಗಜಪತಿ ಶಾಸ್ತ್ರಿಗಳು ಒಬ್ಬರೇ ಮುಂದುವರಿಸಿದರು. ಧವಲಾ, ಜಯಧವಲಾಗಳ ನಕಲಿಗೆ ಸುಮಾರು 16 ವರ್ಷಗಳು ಹಿಡಿದವು. ಹೊಸಗನ್ನಡ ಲಿಪಿಯ ಪ್ರತಿಗಳೂ ಮಹಾಧವಲಾದ ಪ್ರತಿಗಳೂ ಸಿದ್ಧವಾಗುವ ಹೊತ್ತಿಗೆ 1922 ಬಂದಿತ್ತು. ಒಟ್ಟು 26 ವರ್ಷಗಳ ದುಡಿಮೆ. ಆದರೆ ಒಪ್ಪಂದದಂತೆ ಈ ಪ್ರತಿಗಳು ಮೂಡುಬಿದಿರೆಯಲ್ಲಿಯೇ ಉಳಿಯಬೇಕಾಗಿತ್ತು. ಒಂದು ಪೆಟ್ಟಿಗೆಯ ಪಕ್ಕದಲ್ಲಿ ಇನ್ನೊಂದು ಪೆಟ್ಟಿಗೆ ಸೇರಿತೇ ವಿನಾ ಗ್ರಂಥ ಹೊರಗೆ ಬರಲಿಲ್ಲ.

ಲಕ್ಷ್ಮೀಬಾಯಿಯ ಪ್ರತಿ

ಬಸದಿಯಲ್ಲಿ ಅಧಿಕೃತ ಪ್ರತಿ ಬೆಳೆಯುತ್ತಿದ್ದ ವರ್ಷಗಳಲ್ಲೇ ಮತ್ತೊಂದು ಪ್ರತಿ ಗುಟ್ಟಾಗಿ ಬೆಳೆಯುತ್ತಿತ್ತು. ಗಜಪತಿ ಶಾಸ್ತ್ರಿಗಳ ಪತ್ನಿ ಲಕ್ಷ್ಮೀಬಾಯಿ ವಿದುಷಿಯಾಗಿದ್ದರು. ಪತಿಯ ನೆರವಿಗೆ ನಿಂತು ಅವರು ಕನ್ನಡ ಲಿಪಿಯಲ್ಲಿ ಧವಲಾ, ಜಯಧವಲಾಗಳ ಇನ್ನೊಂದು ಪ್ರತಿಯನ್ನು ಯಾರಿಗೂ ತಿಳಿಯದಂತೆ ಸಿದ್ಧಗೊಳಿಸಿದರು.

ಶಾಸ್ತ್ರಿಗಳು ಆ ಪ್ರತಿಯನ್ನು ಮೊದಲು ಒಯ್ದದ್ದು ಸೊಲ್ಲಾಪುರಕ್ಕೆ. ಈ ಗ್ರಂಥಗಳಿಗಾಗಿ ವರ್ಷಗಟ್ಟಲೆ ಹಂಬಲಿಸಿದ್ದವರ ಮುಂದೆಯೇ ಅದನ್ನು ಇಟ್ಟರು. ತಕ್ಕ ಪ್ರತಿಫಲವನ್ನು ನಿರೀಕ್ಷಿಸಿದರು. ಹೀರಾಚಂದರು ಅದನ್ನು ಸ್ವೀಕರಿಸಲಿಲ್ಲ. ಮಾಣಿಕಚಂದರಿಗೂ ಅದು ಒಪ್ಪಿತವಾಗಲಿಲ್ಲ. ಮೂಡುಬಿದಿರೆಯವರಿಗೆ ಕೊಟ್ಟ ಮಾತು ಅವರಿಗೆ ಅಡ್ಡಬಂದಿತು. ಶಾಸ್ತ್ರಿಗಳು ಅಲ್ಲಿಂದ ಉತ್ತರಕ್ಕೆ ಹೋದರು. ಸಹಾರನಪುರದ ಲಾಲಾ ಜಂಬೂಪ್ರಸಾದರು ಪ್ರತಿಯನ್ನು ಪಡೆದು ತಮ್ಮ ಜಿನಮಂದಿರದಲ್ಲಿ ಇರಿಸಿದರು.

ಅಲ್ಲಿ ಕನ್ನಡ ಲಿಪಿಯನ್ನು ಓದಬಲ್ಲವರು ಬೇಕಾದರು. ವಿಜಯಚಂದ್ರಯ್ಯ ಎಂಬವರು ಓದಿ ಹೇಳಿದಂತೆ ಸೀತಾರಾಮ ಶಾಸ್ತ್ರಿಗಳು ನಾಗರಿಯಲ್ಲಿ ಬರೆದರು. ಬರೆಯುವಾಗ ಅವರೂ ತಮಗಾಗಿ ಒಂದು ಪ್ರತಿಯನ್ನು ಮಾಡಿಕೊಂಡರು! ಆ ಪ್ರತಿಯಿಂದ ಹಬ್ಬಿದ ನಕಲುಗಳು ಆರಾ, ಸಾಗರ, ಕಾರಂಜಾ ಮೊದಲಾದ ಊರುಗಳ ಶಾಸ್ತ್ರಭಂಡಾರಗಳನ್ನು ಸೇರಿದವು. ಮೂಡುಬಿದಿರೆಯ ಒಂದು ಕೋಣೆಯಲ್ಲಿದ್ದ ಗ್ರಂಥ ಕೆಲವೇ ವರ್ಷಗಳಲ್ಲಿ ಉತ್ತರಭಾರತದಲ್ಲೆಲ್ಲ ಹರಡಿತು.

ಇದನ್ನು ನಾವು ಹೇಗೆ ನೋಡಬೇಕು? ನಂಬಿ ಒಳಗೆ ಬಿಟ್ಟವರ ನಂಬಿಕೆಯನ್ನು ಮುರಿದದ್ದು ನಿಜ. ಪ್ರತಿಫಲದ ಆಸೆಯಿದ್ದುದೂ ನಿಜ. ಆದರೆ 16 ವರ್ಷಗಳ ಕಾಲ ಒಂದು ಕ್ಲಿಷ್ಟ ಗ್ರಂಥವನ್ನು ಎರಡೆರಡು ಬಾರಿ ಬರೆಯುವುದಕ್ಕೆ ಕೇವಲ ಹಣದಾಸೆ ಸಾಕಾಗುವುದಿಲ್ಲ. ಸೊಲ್ಲಾಪುರದವರ ನಿರಾಕರಣೆಯನ್ನು ಓದುವಾಗ ನನಗೆ ಗೌರವ ಮೂಡುತ್ತದೆ. ಬಯಸಿದ ವಸ್ತು ಕೈಗೆ ಬಂದಾಗಲೂ ಮಾತಿಗೆ ಕಟ್ಟುಬಿದ್ದು ಅದನ್ನು ಬಿಟ್ಟವರು ಅವರು. ಲಕ್ಷ್ಮೀಬಾಯಿಯನ್ನು ನೆನೆಯುವಾಗಲೂ ಗೌರವವೇ ಮೂಡುತ್ತದೆ. ಈ ಎರಡು ಗೌರವಗಳನ್ನು ಹೊಂದಿಸಿಕೊಳ್ಳುವುದು ಕಷ್ಟ. ಹೊಂದಿಸಿದ್ದೇನೆಂದು ನಾನು ಹೇಳಲಾರೆ. ಆದರೆ ಒಂದನ್ನು ಹೇಳಬಲ್ಲೆ. ಅತ್ತಿಮಬ್ಬೆ, ದೇಮಿಯಕ್ಕ, ಮಲ್ಲಿಕಬ್ಬೆಯರ ಹೆಸರು ಪ್ರಶಸ್ತಿಗಳಲ್ಲಿ, ಶಾಸನಗಳಲ್ಲಿ, ಕಾವ್ಯಗಳಲ್ಲಿ ಉಳಿಯಿತು. ಬರೆಯಿಸಿದವರಿಗೆ ದೊರೆತ ಕೀರ್ತಿ ತನ್ನ ಕೈಯಿಂದಲೇ ಬರೆದ ಈ ನಾಲ್ಕನೆಯವರಿಗೆ ದೊರೆಯಲಿಲ್ಲ. ಪ್ರಸ್ತಾವನೆಯೊಂದರ ಸಾಲಿನಲ್ಲಿ ಅವರ ಹೆಸರು ಬಂದು ಹೋಗುತ್ತದೆ. ಕನ್ನಡ ಗ್ರಂಥಸಂಪಾದನೆಯ ಇತಿಹಾಸ ಬರೆಯುವವರು ಆ ಸಾಲಿನ ಬಳಿ ಒಂದು ಗಳಿಗೆ ನಿಲ್ಲಬೇಕು.

ಬಿಟ್ಟುಹೋದ ಒಂದು ಪದ

ಅಮರಾವತಿಯ ಕಿಂಗ್ ಎಡ್ವರ್ಡ್ ಕಾಲೇಜಿನಲ್ಲಿ ಸಂಸ್ಕೃತ ಪ್ರಾಧ್ಯಾಪಕರಾಗಿದ್ದ ಹೀರಾಲಾಲ್ ಜೈನರು ಈ ರೀತಿ ಹರಡಿದ ಪ್ರತಿಗಳನ್ನು ಆಧರಿಸಿ ಧವಲಾದ ಸಂಪಾದನೆಗೆ ಕೈಹಾಕಿದರು. ಫೂಲಚಂದ್ರ ಶಾಸ್ತ್ರಿಗಳು, ಹೀರಾಲಾಲ ಶಾಸ್ತ್ರಿಗಳು ಅವರಿಗೆ ನೆರವಾದರು. ನಮ್ಮ ಸದಲಗದಲ್ಲಿ ಹುಟ್ಟಿ ಕೊಲ್ಲಾಪುರದಲ್ಲಿ ಅರ್ಧಮಾಗಧಿ ಕಲಿಸುತ್ತಿದ್ದ ಆ. ನೇ. ಉಪಾಧ್ಯೆಯವರೂ ಸಹಕರಿಸಿದರು. ವಿದಿಶಾದ ಸೇಠ್ ಲಕ್ಷ್ಮೀಚಂದ್ರರ ದ್ರವ್ಯಸಹಾಯದಿಂದ ಮೊದಲ ಸಂಪುಟ 1939ರಲ್ಲಿ ಹೊರಬಂದಿತು. ಮುಂದಿನ ಎರಡು ದಶಕಗಳಲ್ಲಿ 16 ಸಂಪುಟಗಳು ಪೂರ್ಣಗೊಂಡವು. ಮಥುರೆಯಿಂದ ಜಯಧವಲಾ 1944ರಲ್ಲಿ, ಕಾಶಿಯ ಭಾರತೀಯ ಜ್ಞಾನಪೀಠದಿಂದ ಮಹಾಬಂಧ 1947ರಲ್ಲಿ ಪ್ರಕಟವಾಗತೊಡಗಿದವು.

ಮೊದಲ ಸಂಪುಟ ಅಚ್ಚಾಗುವಾಗ ಸಂಪಾದಕರ ಕೈಯಲ್ಲಿದ್ದುದು ನಕಲಿನ ನಕಲಿನ ನಕಲು. ತಾಳೆಗರಿಯನ್ನು ಅವರು ನೋಡಿರಲಿಲ್ಲ. ಸತ್ಪ್ರರೂಪಣೆಯ 93ನೆಯ ಸೂತ್ರಕ್ಕೆ ಬಂದಾಗ ಅವರು ತಡೆದು ನಿಂತರು. ಮನುಷ್ಯಸ್ತ್ರೀಯರಿಗೆ ಸಂಬಂಧಿಸಿದ ಗುಣಸ್ಥಾನಗಳನ್ನು ಹೇಳುವ ಸೂತ್ರವದು. ವೀರಸೇನರ ಟೀಕೆಯನ್ನೂ ಗ್ರಂಥದ ಇತರ ಭಾಗಗಳನ್ನೂ ಹೋಲಿಸಿದಾಗ ಸೂತ್ರದಲ್ಲಿ ‘ಸಂಜದ’ ಎಂಬ ಪದ, ಎಂದರೆ ‘ಸಂಯತ’, ಇರಬೇಕೆಂದು ಕಂಡಿತು. ಆದರೆ ಕೈಯಲ್ಲಿದ್ದ ಪ್ರತಿಗಳಲ್ಲಿ ಆ ಪದ ಇರಲಿಲ್ಲ. ಸಂಪಾದಕರು ಸೂತ್ರವನ್ನು ಪ್ರತಿಯಲ್ಲಿದ್ದಂತೆಯೇ ಅಚ್ಚಿಸಿ, ಇಲ್ಲಿ ಈ ಪದ ಬಿಟ್ಟುಹೋಗಿರುವಂತೆ ತೋರುತ್ತದೆಂದು ಅಡಿಟಿಪ್ಪಣಿಯಲ್ಲಿ ಸೂಚಿಸಿದರು.

ಸ್ತ್ರೀಯರ ಆಧ್ಯಾತ್ಮಿಕ ಅರ್ಹತೆಯ ಪ್ರಶ್ನೆಯನ್ನು ಮುಟ್ಟುವ ಪದವಾದ್ದರಿಂದ ಈ ಅಡಿಟಿಪ್ಪಣಿ ದೊಡ್ಡ ಚರ್ಚೆಯನ್ನೇ ಎಬ್ಬಿಸಿತು. 1940ರ ದಶಕದಲ್ಲಿ ಪರವಿರೋಧವಾಗಿ ಅನೇಕ ವಿದ್ವಾಂಸರು ಬರೆದರು. ಆ ಪದವಿದ್ದರೂ ಅದು ಭಾವವೇದವನ್ನು ಕುರಿತದ್ದೆಂಬ ವ್ಯಾಖ್ಯಾನವೂ ಬಂದಿತು. ತಾತ್ತ್ವಿಕ ಚರ್ಚೆ ಏನೇ ಇರಲಿ, ಪಾಠದ ಪ್ರಶ್ನೆಯನ್ನು ಬಿಡಿಸಬಲ್ಲದ್ದು ಒಂದೇ ಇತ್ತು: ಮೂಡುಬಿದಿರೆಯ ಗರಿ. ಅಷ್ಟರಲ್ಲಿ ಮೊದಲ ಸಂಪುಟವನ್ನು ಕಂಡು ಸಂತೋಷಗೊಂಡಿದ್ದ ಅಲ್ಲಿನ ಭಟ್ಟಾರಕರೂ ಪಂಚರೂ ಮೂಲದೊಡನೆ ಹೋಲಿಸಿ ನೋಡಲು ಅನುಮತಿ ನೀಡಿದ್ದರು. ಮೂಡುಬಿದಿರೆಯ ಲೋಕನಾಥ ಶಾಸ್ತ್ರಿಗಳು ಆ ಕೆಲಸದಲ್ಲಿ ನೆರವಾದರು. ತಾಳೆಗರಿಯಲ್ಲಿ ‘ಸಂಜದ’ ಇತ್ತು. ನಕಲಿನ ದಾರಿಯಲ್ಲಿ ಎಲ್ಲಿಯೋ ಅದು ಜಾರಿಹೋಗಿತ್ತು.

ಚಂದ್ರಗುಹೆಯ ಪರೀಕ್ಷೆ ಮತ್ತೊಮ್ಮೆ ನಡೆದಂತಾಯಿತು. ಅಕ್ಷರ ಕಡಿಮೆಯಾದ ಪಾಠವನ್ನು ಕೈಗೆತ್ತಿಕೊಂಡವರು ಒಂದು ಕಣ್ಣಿಲ್ಲದುದನ್ನು ಗುರುತಿಸಿದರು. ಹಂಚಿದ ಪ್ರತಿ ಇಲ್ಲದಿದ್ದರೆ ಪ್ರಶ್ನೆಯೇ ಏಳುತ್ತಿರಲಿಲ್ಲ. ಕಾಪಾಡಿದ ಮೂಲ ಇಲ್ಲದಿದ್ದರೆ ಉತ್ತರ ದೊರೆಯುತ್ತಿರಲಿಲ್ಲ. ಲಕ್ಷ್ಮೀಬಾಯಿಯೂ ಬೇಕಾಗಿದ್ದರು, ಪೆಟ್ಟಿಗೆಗೆ ಬೀಗ ಹಾಕಿ ಕಾದವರೂ ಬೇಕಾಗಿದ್ದರು. ಬೀಗ ತೆರೆದ ದಿನ ಎರಡೂ ಕಡೆಯವರ ಶ್ರಮ ಸಾರ್ಥಕವಾಯಿತು. ಅದಾದ ಕೆಲವೇ ವರ್ಷಗಳಲ್ಲಿ, 1948ರಲ್ಲಿ, ಕೆ. ಭುಜಬಲಿ ಶಾಸ್ತ್ರಿಗಳು ಸಿದ್ಧಪಡಿಸಿದ ಕನ್ನಡ ಪ್ರಾಂತದ ತಾಡಪತ್ರ ಗ್ರಂಥಗಳ ಸೂಚಿ ಪ್ರಕಟವಾಗಿ, ಎಲ್ಲಿ ಏನಿದೆಯೆಂಬುದು ಎಲ್ಲರಿಗೂ ತಿಳಿಯುವಂತಾಯಿತು.

ನನ್ನದೊಂದು ನೋಟುಪುಸ್ತಕ

ಇಷ್ಟನ್ನು ಬರೆದು ಮುಗಿಸುವ ಮೊದಲು ನನ್ನದೇ ಒಂದು ತಪ್ಪನ್ನು ಹೇಳಿಕೊಳ್ಳಬೇಕು. ಸುಮಾರು 30 ವರ್ಷಗಳ ಹಿಂದೆ, ಪಿಎಚ್.ಡಿ. ಅಧ್ಯಯನದ ದಿನಗಳಲ್ಲಿ, ಹಳ್ಳಿಯೊಂದರ ಮನೆಯಲ್ಲಿ ನೋಂಪಿಯ ಕಥೆಗಳ ಒಂದು ಓಲೆಕಟ್ಟು ನನಗೆ ದೊರೆಯಿತು. ಆ ಮನೆಯ ಹಿರಿಯರು ಎರಡು ದಿನ ಜಗಲಿಯಲ್ಲಿ ಕುಳ್ಳಿರಿಸಿ, ಊಟವಿಕ್ಕಿ, ನಕಲು ಮಾಡಿಕೊಳ್ಳಲು ಬಿಟ್ಟರು. ಎರಡು ಗರಿಗಳ ಅಕ್ಷರ ಮಾಸಿದ್ದರಿಂದ ನನಗೆ ಓದಲಾಗಲಿಲ್ಲ. ಹಳೆಯ ಲಿಪಿಯಲ್ಲಿ ನನಗಿಂತ ಚೆನ್ನಾಗಿ ಪಳಗಿದ್ದ ಸಹಸಂಶೋಧಕರೊಬ್ಬರು ಆ ನಕಲನ್ನೊಮ್ಮೆ ನೋಡಬಹುದೇ ಎಂದು ಕೇಳಿದರು. ಪ್ರಬಂಧ ಸಲ್ಲಿಕೆಯಾಗಲಿ ಎಂದೆ. ಸಲ್ಲಿಕೆಯಾದ ಮೇಲೆ, ಪುಸ್ತಕವಾಗಲಿ ಎಂದೆ. ಅವರು ಮತ್ತೆ ಕೇಳಲಿಲ್ಲ.

ಕೆಲವು ವರ್ಷಗಳ ಬಳಿಕ ನಾನು ಆ ಮನೆಗೆ ಹೋದಾಗ ಹಿರಿಯರು ಇರಲಿಲ್ಲ. ಓಲೆಕಟ್ಟಿಗೆ ಗೆದ್ದಲು ಹಿಡಿದು, ಮನೆಯವರು ಅದನ್ನು ಹೊಳೆಗೆ ಬಿಟ್ಟಿದ್ದರು. ಅವರದೇನೂ ತಪ್ಪಿಲ್ಲ. ಓಲೆ ಇದ್ದಾಗಲೇ, ಓದಬಲ್ಲವರನ್ನು ನಾನು ಅಲ್ಲಿಗೆ ಕರೆದೊಯ್ದಿದ್ದರೆ ಆ ಎರಡು ಗರಿಗಳು ಉಳಿಯುತ್ತಿದ್ದವು. ನನ್ನ ಹೆಸರಿನ ಆಸೆಯಿಂದ ಅವು ಹೋದವು. ಬಸದಿಯ ಬೀಗವನ್ನು ಟೀಕಿಸುವ ನಾವು, ಸಂಶೋಧಕರು, ನಮ್ಮ ಕಪಾಟುಗಳ ಬೀಗವನ್ನು ಮರೆಯುತ್ತೇವೆ.

ಇಂದಿನ ಕಷ್ಟ ಇದಕ್ಕೆ ವಿರುದ್ಧವಾದದ್ದು. ಓಲೆಗರಿಯ ಚಿತ್ರಗಳು, ಶಾಸನದ ಪಡಿಯಚ್ಚುಗಳು, ಹಳೆಯ ಗಾಯನದ ತುಣುಕುಗಳು ದಿನವೂ ನಮ್ಮ ಫೋನುಗಳಿಗೆ ಬರುತ್ತವೆ. ಎಲ್ಲಿಯದು, ಯಾರದು, ಯಾವ ಕಾಲದ್ದು ಎಂಬುದು ಅವುಗಳ ಜೊತೆಗೆ ಬರುವುದಿಲ್ಲ. ಹಂಚುವ ಕೈಗಳು ಸಾವಿರವಾಗಿವೆ, ಪ್ರಶಸ್ತಿ ಬರೆಯುವ ಕೈ ಕಾಣೆಯಾಗಿದೆ. ದೇಮಿಯಕ್ಕನ ಪ್ರತಿಯಲ್ಲಿ ಬರೆಯಿಸಿದವರಾರು, ಯಾರಿಗಾಗಿ, ಯಾವ ಚೈತ್ಯಾಲಯಕ್ಕಾಗಿ ಎಂಬುದೆಲ್ಲ ಇದೆ. ಅದರಿಂದಲೇ ನಾವು ಅದರ ಕಾಲವನ್ನು ತಿಳಿದೆವು. ಸಾಹಿತ್ಯದ ವಿದ್ಯಾರ್ಥಿಗಳಲ್ಲಿ ನನ್ನ ಬಿನ್ನಹವಿಷ್ಟೆ. ಮೆಚ್ಚಿದುದನ್ನು ಧಾರಾಳವಾಗಿ ಹಂಚಿರಿ. ಹಂಚುವಾಗ ಮೂಲ ಎಲ್ಲಿದೆಯೆಂಬುದನ್ನು ಬರೆಯಿರಿ, ಕಾಪಾಡಿದವರ ಹೆಸರನ್ನೂ ನಕಲು ಮಾಡಿದವರ ಹೆಸರನ್ನೂ ಬರೆಯಿರಿ. ಓದಲಾಗದ ಅಕ್ಷರವನ್ನು ಊಹಿಸಿ ತುಂಬದೆ, ಓದಲಾಗಲಿಲ್ಲವೆಂದೇ ಬರೆಯಿರಿ.

ಆ ನೋಟುಪುಸ್ತಕವನ್ನು ಈಗ ಹೊರಗೆ ತೆಗೆದಿದ್ದೇನೆ. ಅದರ ಪ್ರತಿಗಳನ್ನು ಮಾಡಿಸಿ, ಕೇಳಿದವರಿಗೆಲ್ಲ ಬರುವ ಶ್ರುತಪಂಚಮಿಯ ದಿನ ಕೊಡಬೇಕೆಂದಿದ್ದೇನೆ. ಮೊದಲ ಪ್ರತಿ, ಅಂದು ಕೇಳಿ ಸುಮ್ಮನಾದ ಆ ಸಹಸಂಶೋಧಕರಿಗೆ. ಎರಡು ಗರಿಗಳ ಜಾಗವನ್ನು ಹಾಗೆಯೇ ಖಾಲಿ ಬಿಟ್ಟಿದ್ದೇನೆ.